ವಿಳಾಸಗಳ ವಿಶ್ವ: ಬಾಹ್ಯಾಕಾಶ ಗೇಮ್‌ಗಳ ಗಾತ್ರದ ಲೆಕ್ಕ ಕುರಿತು ಒಂದು ಟಿಪ್ಪಣಿ

‘ಎಲೀಟ್’ ಗೇಮ್ 1984ರಲ್ಲಿ ಹೊರಬಂದಾಗ ಅದರಲ್ಲಿ ಎಂಟು ಗ್ಯಾಲಕ್ಸಿಗಳಿದ್ದವು. ಒಂದೊಂದರಲ್ಲಿ 256 ನಕ್ಷತ್ರ ವ್ಯವಸ್ಥೆಗಳು; ಒಟ್ಟು 2,048. ಆದರೆ ಅದನ್ನು ಬರೆದ ಕೇಂಬ್ರಿಜ್ ವಿದ್ಯಾರ್ಥಿಗಳಾದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಮೊದಲು ಯೋಚಿಸಿದ್ದು ಎಂಟಲ್ಲ, 2ರ 48ನೇ ಘಾತದಷ್ಟು ಗ್ಯಾಲಕ್ಸಿಗಳನ್ನು. ಬಿಡಿಸಿ ಬರೆದರೆ 28,14,74,97,67,10,656. ಪ್ರಕಾಶಕರಾದ ಏಕಾರ್ನ್‌ಸಾಫ್ಟ್ ಇದನ್ನು ಒಪ್ಪಲಿಲ್ಲ. ಅಷ್ಟು ದೊಡ್ಡ ಸಂಖ್ಯೆ ಕಂಡರೆ ಈ ವಿಶ್ವ ಬರೀ ಗಣಿತದಿಂದ ಹುಟ್ಟಿದ್ದೆಂದು ಆಟಗಾರರಿಗೆ ಗೊತ್ತಾಗಿಬಿಡುತ್ತದೆ ಎಂಬುದು ಅವರ ಆತಂಕ. ಹಾಗಾಗಿ ವಿಶ್ವ ಕುಗ್ಗಿತು. ಮೂವತ್ತೆರಡು ವರ್ಷಗಳ ಬಳಿಕ, 2016ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಗಿಲ್ಫರ್ಡ್‌ನ ಹೆಲೋ ಗೇಮ್ಸ್ ಎಂಬ ಸಣ್ಣ ತಂಡ ‘ನೋ ಮ್ಯಾನ್ಸ್ ಸ್ಕೈ’ ಬಿಡುಗಡೆ ಮಾಡಿದಾಗ ಪರಿಸ್ಥಿತಿ ತಿರುಗುಮುರುಗಾಗಿತ್ತು. ಅಲ್ಲಿ ಸಂಖ್ಯೆಯೇ ಪ್ರಚಾರದ ಮುಖ: 2ರ 64ನೇ ಘಾತದಷ್ಟು ಗ್ರಹಗಳು, ಅಂದರೆ 1,84,46,74,40,73,70,95,51,616.

ಇಂಥ ಸಂಖ್ಯೆಗಳು ನಿಜಕ್ಕೂ ಏನನ್ನು ಎಣಿಸುತ್ತವೆ ಎಂಬುದೇ ಈ ಟಿಪ್ಪಣಿಯ ಪ್ರಶ್ನೆ. ಗೇಮ್‌ಗಳ ಬಗ್ಗೆ ಬರೆಯುವವರು ಅವನ್ನು ಬೆರಗಿನಿಂದ ಉಲ್ಲೇಖಿಸುತ್ತಾರೆ, ಇಲ್ಲವೇ ಪೊಳ್ಳೆಂದು ತಳ್ಳಿಹಾಕುತ್ತಾರೆ. ಲೆಕ್ಕವನ್ನು ಬಿಚ್ಚಿ ನೋಡುವವರು ಕಡಿಮೆ. ನನ್ನ ಮಟ್ಟಿಗೆ ಅವು ಎಣಿಸುವುದು ವಿಳಾಸಗಳನ್ನು. ಎಷ್ಟು ವಿಳಾಸ, ಅದರಲ್ಲಿ ಎಷ್ಟು ಬೇರೆಬೇರೆ ಜಗತ್ತು, ಕಣ್ಣಿಗೆ ಎಷ್ಟು ಬೇರೆಯಾಗಿ ಕಾಣುತ್ತದೆ, ಎಷ್ಟು ಕಡೆ ಮನುಷ್ಯರು ಹೋಗಿದ್ದಾರೆ ಎಂಬ ನಾಲ್ಕು ಲೆಕ್ಕಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ದೂರ ಇವೆ.

ಎಲೀಟ್‌ನಿಂದಲೇ ಶುರು ಮಾಡೋಣ. ಅದರ ಗಣಿತವನ್ನು ಕಾಗದದ ಮೇಲೆ ಕೈಯಲ್ಲೇ ಮಾಡಿ ನೋಡಬಹುದು. ಗೇಮ್ ಓಡುತ್ತಿದ್ದ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಮೆಮೊರಿ ಒಟ್ಟು 32 ಕಿಲೋಬೈಟ್. ಎರಡು ಸಾವಿರ ವ್ಯವಸ್ಥೆಗಳ ವಿವರ ಬರೆದಿಡಲು ಅಲ್ಲಿ ಜಾಗವೇ ಇರಲಿಲ್ಲ. ಆದ್ದರಿಂದ ಬರೆದಿಟ್ಟದ್ದು ಮೂರೇ ಸಂಖ್ಯೆ: 23114, 584, 46931. ಇವನ್ನು ಬೀಜಸಂಖ್ಯೆ ಎನ್ನೋಣ. ಒಂದೊಂದೂ 16 ಬಿಟ್, ಒಟ್ಟು 48 ಬಿಟ್. ಮುಂದಿನ ಹೆಜ್ಜೆಗೆ ಮೂರನ್ನೂ ಕೂಡಬೇಕು; ಮೊತ್ತ 65,536ಕ್ಕಿಂತ ಕಡಿಮೆಯಾಗುವವರೆಗೆ ಅಷ್ಟನ್ನು ಕಳೆಯುತ್ತಾ ಹೋಗಬೇಕು. ಇಲ್ಲಿ ಮೊತ್ತ 70629, ಕಳೆದರೆ ಉಳಿಯುವುದು 5093. ಮೊದಲ ಸಂಖ್ಯೆಯನ್ನು ಬಿಟ್ಟು ಇದನ್ನು ಕೊನೆಗೆ ಸೇರಿಸಿದರೆ ಹೊಸ ತ್ರಿವಳಿ ಸಿಗುತ್ತದೆ: 584, 46931, 5093. ಹೀಗೆ ನಾಲ್ಕು ಸಲ ಮಾಡಿದರೆ ಮುಂದಿನ ನಕ್ಷತ್ರ ವ್ಯವಸ್ಥೆಯ ಬೀಜ ಸಿಕ್ಕಿತು. ಆ ಬೀಜದ ಬಿಟ್‌ಗಳಿಂದಲೇ ವ್ಯವಸ್ಥೆಯ ಸ್ಥಾನ, ಅಲ್ಲಿನ ಸರ್ಕಾರ, ಆರ್ಥಿಕತೆ, ಹೆಸರು ಎಲ್ಲವೂ ಬರುತ್ತವೆ. ಎರಡೆರಡು ಅಕ್ಷರಗಳ ತುಣುಕುಗಳನ್ನು ಜೋಡಿಸಿ ಹೆಸರು ಕಟ್ಟುವುದು. ಆಟ ಆರಂಭವಾಗುವ ‘ಲೇವ್’ ಹುಟ್ಟಿದ್ದೂ ಹೀಗೆಯೇ. ಗ್ಯಾಲಕ್ಸಿ ಬದಲಿಸಲು ಬೀಜದ ಆರು ಬೈಟ್‌ಗಳಲ್ಲಿ ಪ್ರತಿಯೊಂದನ್ನೂ ಒಂದು ಬಿಟ್ ಎಡಕ್ಕೆ ಸುತ್ತಿಸುತ್ತಾರೆ. ಬೈಟ್‌ಗೆ ಎಂಟು ಬಿಟ್, ಎಂಟು ಸುತ್ತಿಗೆ ಮತ್ತೆ ಮೊದಲಿನ ಗ್ಯಾಲಕ್ಸಿ. ಎಂಟೇ ಗ್ಯಾಲಕ್ಸಿ ಏಕೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಪಟ್ಟಿಯನ್ನು ಎಲ್ಲೂ ಬರೆಯದೆ, ಬೇಕಾದ ಸಾಲನ್ನು ಅದರ ಕ್ರಮಸಂಖ್ಯೆಯಿಂದಲೇ ಕಟ್ಟಿಕೊಳ್ಳುವ ಈ ಉಪಾಯ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. ಪಿಂಗಳನ ಛಂದಶ್ಶಾಸ್ತ್ರದಲ್ಲಿ ಪ್ರಸ್ತಾರ ಎಂದರೆ ಗುರು ಲಘುಗಳ ಎಲ್ಲ ಜೋಡಣೆಗಳ ಪಟ್ಟಿ. ನಷ್ಟ ಎಂದರೆ ಆ ಪಟ್ಟಿಯಿಲ್ಲದೆ ಇಂತಿಷ್ಟನೆಯ ಸಾಲು ಯಾವುದೆಂದು ಹೇಳುವ ಕ್ರಿಯೆ. ಸಂಖ್ಯೆ ಸಮವಾಗಿದ್ದರೆ ಲಘು ಬರೆದು ಅರ್ಧ ಮಾಡು. ಬೆಸವಾಗಿದ್ದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಮೂರಕ್ಷರದ ಪ್ರಸ್ತಾರದಲ್ಲಿ ಆರನೆಯದು ಬೇಕೆ? ಆರು ಸಮ, ಲಘು. ಮೂರು ಬೆಸ, ಗುರು. ನಾಲ್ಕರ ಅರ್ಧ ಎರಡು, ಮತ್ತೆ ಲಘು. ಲಘು-ಗುರು-ಲಘು, ಜಗಣ. ಎಲೀಟ್‌ಗೂ ಪಿಂಗಳನಿಗೂ ಯಾವ ಐತಿಹಾಸಿಕ ನಂಟೂ ಇಲ್ಲ, ಅಂಥ ನಂಟನ್ನು ನಾನು ಸೂಚಿಸುತ್ತಲೂ ಇಲ್ಲ. ಆದರೆ ನಷ್ಟಪ್ರತ್ಯಯವನ್ನು ಒಮ್ಮೆ ಮಾಡಿ ನೋಡಿದವರಿಗೆ ಸೂತ್ರದಿಂದ ಹುಟ್ಟುವ ವಿಶ್ವ ಹೇಗೆ ಕೆಲಸ ಮಾಡುತ್ತದೆಂದು ಬೇರೆ ವಿವರಣೆ ಬೇಕಾಗುವುದಿಲ್ಲ. ಗ್ರಹ ಎಲ್ಲಿಯೂ ‘ಇರುವುದಿಲ್ಲ’. ವಿಳಾಸ ಕೊಟ್ಟಾಗ ಲೆಕ್ಕವಾಗಿ ಬರುತ್ತದೆ, ಪ್ರತಿ ಸಲವೂ ಅದೇ ರೂಪದಲ್ಲಿ.

ಈಗ ಏಕಾರ್ನ್‌ಸಾಫ್ಟ್ ತಡೆದ ಮೂಲ ಯೋಜನೆಯನ್ನು ಲೆಕ್ಕ ಹಾಕೋಣ. 2ರ 48ನೇ ಘಾತದಷ್ಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ವ್ಯವಸ್ಥೆ. ಗುಣಿಸಿದರೆ 2ರ 56ನೇ ಘಾತ. ಆದರೆ ಒಂದು ವ್ಯವಸ್ಥೆಯ ಸರ್ವಸ್ವವೂ ಅದರ 48 ಬಿಟ್ ಬೀಜದಲ್ಲಿದೆ. ಬೀಜ ಒಂದೇ ಆದರೆ ವ್ಯವಸ್ಥೆಯೂ ಒಂದೇ. ಹಾಗಿದ್ದ ಮೇಲೆ ಬೇರೆಬೇರೆ ವ್ಯವಸ್ಥೆಗಳು 2ರ 48ನೇ ಘಾತವನ್ನು ಮೀರುವ ಹಾಗೇ ಇಲ್ಲ. ಇನ್ನೂ ಖಚಿತವಾಗಿ ಹೇಳಬಹುದು. ಮೇಲಿನ ಹೆಜ್ಜೆಯನ್ನು ಹಿಂದಕ್ಕೂ ನಡೆಯಲು ಬರುತ್ತದೆ: 5093ರಿಂದ 584 ಮತ್ತು 46931 ಕಳೆದು 65,536 ಕೂಡಿಸಿದರೆ ಮೊದಲಿನ 23114 ಮರಳಿ ಸಿಗುತ್ತದೆ. ಪ್ರತಿ ಬೀಜಕ್ಕೂ ಹಿಂದಿನ ಬೀಜ ಒಂದೇ ಒಂದು. ಆದ್ದರಿಂದ ಎಲ್ಲ ಬೀಜಗಳಿಂದಲೂ ಒಂದೊಂದು ಗ್ಯಾಲಕ್ಸಿ ತೆರೆದರೆ, ಪ್ರತಿ ವ್ಯವಸ್ಥೆಯೂ ಒಂದು ಗ್ಯಾಲಕ್ಸಿಯ ಮೊದಲ ಸ್ಥಾನದಲ್ಲಿ, ಇನ್ನೊಂದರ ಎರಡನೆಯ ಸ್ಥಾನದಲ್ಲಿ, ಹೀಗೆ ಸರಿಯಾಗಿ 256 ಸಲ ಕಾಣಿಸಿಕೊಳ್ಳುತ್ತದೆ. ಮೂಲ ಯೋಜನೆಯ ಮಹಾವಿಶ್ವದಲ್ಲಿ ಪ್ರತಿಯೊಂದು ಜಗತ್ತಿಗೂ 255 ನಕಲು ಇರುತ್ತಿದ್ದವು.

ಇಳಿತ ಇಲ್ಲಿಗೆ ನಿಲ್ಲುವುದಿಲ್ಲ. ಹೆಸರು ಕಟ್ಟುವುದು ಮೂರು ಅಥವಾ ನಾಲ್ಕು ತುಣುಕುಗಳಿಂದ, ಒಂದೊಂದಕ್ಕೆ ಐದು ಬಿಟ್, ಅಂದರೆ 32 ಆಯ್ಕೆ. ಹೆಚ್ಚೆಂದರೆ 10,81,344 ಹೆಸರು. ಸರ್ಕಾರಗಳಲ್ಲಿ ಎಂಟು ಬಗೆ, ಆರ್ಥಿಕತೆಯಲ್ಲಿ ಎಂಟು ಬಗೆ. ವ್ಯಾಪಾರಿಯಾಗಿ ಆಡುವವನಿಗೆ ಮುಖ್ಯವಾದ ಈ ಎರಡನ್ನು ಜೋಡಿಸಿದರೆ ಹೆಚ್ಚೆಂದರೆ 64 ಬಗೆಯ ಊರುಗಳು. ವಿಳಾಸ 2ರ 56ನೇ ಘಾತ, ಜಗತ್ತು 2ರ 48ನೇ ಘಾತ, ಹೆಸರು ಹನ್ನೊಂದು ಲಕ್ಷದೊಳಗೆ, ವ್ಯಾಪಾರಿಯ ಕಣ್ಣಿಗೆ ಹೆಚ್ಚೆಂದರೆ 64. ಪ್ರಕಾಶಕರ ಆತಂಕ ಅಳುಕಲ್ಲ, ತೀಕ್ಷ್ಣ ವಿಮರ್ಶೆಯಾಗಿತ್ತು ಎಂದು ನಾನು ಭಾವಿಸುತ್ತೇನೆ. 2,048 ವ್ಯವಸ್ಥೆಗಳಿದ್ದಾಗ ಪ್ರತಿ ಬಗೆಗೂ ಸರಾಸರಿ ಕನಿಷ್ಠ 32 ಊರು ಬೀಳುತ್ತವೆ. ಊರುಗಳಿಗೆ ತಮ್ಮದೇ ಗುಣ ಉಳಿಯುತ್ತದೆ. ಎಲೀಟ್ ಆಡಿದವರು ಲೇವ್, ಡೀಸೋ, ಲೀಸ್ಟಿ ಎಂಬ ಹೆಸರುಗಳನ್ನು ಇಂದಿಗೂ ನೆನೆಯುತ್ತಾರೆ.

ನೋ ಮ್ಯಾನ್ಸ್ ಸ್ಕೈಗೆ ಬರೋಣ. ಅದರ ಮುಖ್ಯಸ್ಥ ಶಾನ್ ಮರ್ರಿ ಹಲವು ಸಂದರ್ಶನಗಳಲ್ಲಿ 64 ಬಿಟ್ ಬೀಜಸಂಖ್ಯೆಯ ಮಾತಾಡಿದ್ದಾರೆ. 32 ಬಿಟ್ ಇದ್ದರೆ ಸುಮಾರು 430 ಕೋಟಿ ಗ್ರಹ. ಸೆಕೆಂಡಿಗೊಂದರಂತೆ ನೋಡಿದರೆ 136 ವರ್ಷ ಸಾಕು. 64 ಬಿಟ್ ಆದರೆ ಅದೇ ವೇಗದಲ್ಲಿ 58,400 ಕೋಟಿ ವರ್ಷ ಬೇಕು. ಬಿಡುಗಡೆಗೆ ಮುಂಚೆ ಎಲ್ಲೆಡೆ ಓಡಾಡಿದ್ದು ಈ ಎರಡನೆಯ ಅಂಕಿ. ಆದರೆ 64 ಎಂಬುದು ಬೀಜದ ಅಗಲ. ವಿಳಾಸದ ಅಗಲ ಎಷ್ಟು? ಇದನ್ನು ತಿಳಿಯಲು ಗೇಮ್ ಒಳಗೇ ದಾರಿಯಿದೆ. ಗ್ರಹದಿಂದ ಗ್ರಹಕ್ಕೆ ಹಾರಿಸುವ ಪೋರ್ಟಲ್‌ಗೆ 12 ಚಿಹ್ನೆಗಳ ವಿಳಾಸ ಒತ್ತಬೇಕು; ಚಿಹ್ನೆಗಳಲ್ಲಿ 16 ಬಗೆ. ಮೊದಲನೆಯದು ಗ್ರಹದ ಕ್ರಮಸಂಖ್ಯೆ, ನಂತರದ ಮೂರು ನಕ್ಷತ್ರದ್ದು, ಉಳಿದ ಎಂಟು ಗ್ಯಾಲಕ್ಸಿಯೊಳಗಿನ ಪ್ರದೇಶದ ಮೂರು ಅಕ್ಷಗಳದ್ದು. ಚಿಹ್ನೆಗೆ ನಾಲ್ಕು ಬಿಟ್‌ನಂತೆ ಒಟ್ಟು 48 ಬಿಟ್. ಗ್ಯಾಲಕ್ಸಿಗಳು 255, ಅದಕ್ಕೆ ಇನ್ನೊಂದು 8 ಬಿಟ್ ಸಾಕು. ಒಟ್ಟು 56.

ಪೋರ್ಟಲ್‌ನ ವಿಳಾಸಪದ್ಧತಿ ಇಡೀ ವಿಶ್ವವನ್ನು ಒಳಗೊಳ್ಳುವುದಾದರೆ, ಅಲ್ಲಿನ ಗ್ರಹಗಳು 2ರ 56ನೇ ಘಾತವನ್ನು, ಅಂದರೆ 72,05,75,94,03,79,27,936 ಅನ್ನು, ದಾಟಲಾರವು. ಪ್ರಚಾರದ ಅಂಕಿಯ 256ರಲ್ಲಿ ಒಂದು ಪಾಲು. ಒಂದು ವ್ಯವಸ್ಥೆಯಲ್ಲಿ ಆರಕ್ಕಿಂತ ಹೆಚ್ಚು ಗ್ರಹ ಇರುವುದಿಲ್ಲವಾದ್ದರಿಂದ ಗ್ರಹದ ಚಿಹ್ನೆಯ 16 ಆಯ್ಕೆಗಳಲ್ಲಿ ಹತ್ತು ಖಾಲಿ. ಒಂದು ಪ್ರದೇಶದ 4,096 ನಕ್ಷತ್ರ ವಿಳಾಸಗಳಲ್ಲಿ ಬಳಕೆಯಾಗುವುದು ಕೆಲವು ನೂರು. ಹೀಗೆ ಇನ್ನಷ್ಟು ಕಳೆದು ಹೋಗುತ್ತದೆ. ಈ ಲೆಕ್ಕದಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. 1984ರಲ್ಲಿ ಬೇಡವೆಂದು ಬಿಟ್ಟ ಎಲೀಟ್ ಯೋಜನೆಯ ನಕ್ಷತ್ರ ವ್ಯವಸ್ಥೆಗಳ ಸಂಖ್ಯೆ 2ರ 56ನೇ ಘಾತ. 2016ರ ಗೇಮ್‌ನ ಗ್ರಹವಿಳಾಸಗಳ ಮಿತಿಯೂ 2ರ 56ನೇ ಘಾತ. ಒಂದು ವ್ಯವಸ್ಥೆಗಳ ಎಣಿಕೆ, ಇನ್ನೊಂದು ಗ್ರಹಗಳದ್ದು, ಆದ್ದರಿಂದ ಇದನ್ನು ಸಮಾನತೆ ಎನ್ನಲಾಗದು. ಆದರೂ ಮೂವತ್ತೆರಡು ವರ್ಷಗಳಲ್ಲಿ ಬೆಳೆದದ್ದು ವಿಳಾಸಗಳ ಸಂಖ್ಯೆಯಲ್ಲ ಎಂಬುದು ಇದರಿಂದ ಸ್ಪಷ್ಟ. ಬೆಳೆದದ್ದು ಒಂದು ವಿಳಾಸದಲ್ಲಿ ನೋಡಲು ಸಿಗುವುದು: ಬೆಟ್ಟ, ಗುಹೆ, ಗಿಡ, ಪ್ರಾಣಿ, ಹವೆ.

ಹಾಗಾದರೆ ಅವುಗಳಲ್ಲಿ ವೈವಿಧ್ಯ ಎಷ್ಟು? ಬಿಡುಗಡೆಯ ಮೊದಲ ರಾತ್ರಿಯೇ ಆಟಗಾರರು 1 ಕೋಟಿಗೂ ಹೆಚ್ಚು ಜೀವಜಾತಿಗಳನ್ನು ಗುರುತಿಸಿದರೆಂದು ಮರ್ರಿ ಪ್ರಕಟಿಸಿದರು. ಭೂಮಿಯ ಮೇಲಿನ ಜಾತಿಗಳ ಬಗ್ಗೆ 2011ರಲ್ಲಿ ಬಂದ ಪ್ರಸಿದ್ಧ ಅಂದಾಜು 87 ಲಕ್ಷ. ಎರಡನ್ನೂ ಪಕ್ಕಪಕ್ಕ ಇಡುವುದು ತಪ್ಪು ಹೋಲಿಕೆ. ಜೀವಶಾಸ್ತ್ರದಲ್ಲಿ ಒಂದು ಜಾತಿ ಇನ್ನೊಂದರಿಂದ ಬೇರೆಯಾಗುವುದು ವಂಶಾವಳಿಯಿಂದ, ಬದುಕುವ ರೀತಿಯಿಂದ. ಇಲ್ಲಿ ಬೇರೆಯಾಗುವುದು ಬೀಜಸಂಖ್ಯೆಯಿಂದ. ಈ ವ್ಯತ್ಯಾಸವನ್ನು ಚೆನ್ನಾಗಿ ಹಿಡಿದವರು ಅಮೆರಿಕದ ಗೇಮ್ ವಿನ್ಯಾಸಕಿ ಕೇಟ್ ಕಾಂಪ್ಟನ್. ಸೂತ್ರದಿಂದ ಹತ್ತು ಸಾವಿರ ಬಟ್ಟಲು ಓಟ್ಸ್ ಗಂಜಿ ಮಾಡಬಹುದು, ಪ್ರತಿ ಬಟ್ಟಲಲ್ಲೂ ಕಾಳುಗಳು ಬೇರೆ ರೀತಿ ಬಿದ್ದಿರುತ್ತವೆ, ಆದರೆ ನೋಡುವವರಿಗೆ ಅದು ಬರೀ ಗಂಜಿ ಎಂದು ಅವರು 2016ರ ಒಂದು ಬರಹದಲ್ಲಿ ವಾದಿಸಿದರು. ಸಂಖ್ಯೆ ಇಳಿಸಿದ ಮಾತ್ರಕ್ಕೆ ಈ ತೊಂದರೆ ತಪ್ಪುವುದಿಲ್ಲ. 2023ರಲ್ಲಿ ಬಂದ ಬೆಥೆಸ್ಡಾದ ‘ಸ್ಟಾರ್‌ಫೀಲ್ಡ್’ನಲ್ಲಿ ಗ್ರಹಗಳು ಸಾವಿರವಷ್ಟೇ, ಖಾಲಿತನದ ದೂರು ಅಲ್ಲಿಯೂ ಕೇಳಿಬಂತು.

ಸೂತ್ರದ ಹಿಂದೆ ಜಗತ್ತಿನ ಬಗೆಗಿನ ತಿಳಿವಳಿಕೆ ಇದ್ದರೆ ವಿಷಯ ಬೇರೆಯಾಗುತ್ತದೆ. ಬ್ರಾಬೆನ್ 1993ರಲ್ಲಿ ‘ಫ್ರಾಂಟಿಯರ್: ಎಲೀಟ್ 2’ ಗೇಮ್‌ನಲ್ಲಿ ನಮ್ಮ ಆಕಾಶಗಂಗೆಯನ್ನೇ ಒಂದು ಫ್ಲಾಪಿಯೊಳಗೆ ತಂದಿದ್ದರು. 2014ರ ‘ಎಲೀಟ್ ಡೇಂಜರಸ್’ ಅದರ ದೊಡ್ಡ ರೂಪ: 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು, ಅವುಗಳಲ್ಲಿ ಒಂದೂವರೆ ಲಕ್ಷದಷ್ಟು ಖಗೋಳ ಕ್ಯಾಟಲಾಗ್‌ಗಳಿಂದ ಬಂದ ನಿಜ ನಕ್ಷತ್ರಗಳು. ಉಳಿದವನ್ನು ತುಂಬುವ ‘ಸ್ಟೆಲ್ಲರ್ ಫೋರ್ಜ್’ ಸುಮ್ಮನೆ ದಾಳ ಉರುಳಿಸುವುದಿಲ್ಲ. ಗ್ಯಾಲಕ್ಸಿಯ ಪ್ರತಿ ತುಂಡಿಗೂ ಇಷ್ಟು ದ್ರವ್ಯರಾಶಿ ಎಂದು ಗೊತ್ತುಮಾಡಿ, ಅದನ್ನು ನಕ್ಷತ್ರಗಳಿಗೆ, ಉಳಿದದ್ದನ್ನು ಗ್ರಹಗಳಿಗೆ ಹಂಚುತ್ತಾ ಹೋಗುತ್ತದೆ. 2017ರ ಫೆಬ್ರವರಿಯಲ್ಲಿ ಟ್ರಾಪಿಸ್ಟ್-1 ಎಂಬ ಮಂದ ನಕ್ಷತ್ರದ ಸುತ್ತ ಏಳು ಗ್ರಹಗಳಿವೆಯೆಂದು ನಾಸಾ ಪ್ರಕಟಿಸಿತು. ತಯಾರಕರು ಹುಡುಕಿದಾಗ ಗೇಮ್‌ನಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಸುಮಾರು 39 ಜ್ಯೋತಿರ್ವರ್ಷ ದೂರದಲ್ಲಿ, ಏಳು ಗಟ್ಟಿ ಗ್ರಹಗಳ ಒಂದು ಮಂದ ಕಾಯ ಮೊದಲೇ ಇತ್ತು. ಅದಕ್ಕೆ ಟ್ರಾಪಿಸ್ಟ್-1 ಎಂದು ಹೆಸರಿಟ್ಟರು. ಇದರಲ್ಲಿ ಆಕಸ್ಮಿಕದ ಪಾಲು ದೊಡ್ಡದು, ಒಂದು ಉದಾಹರಣೆಯಿಂದ ಏನೂ ಸಾಬೀತಾಗದು. ಆದರೆ ಇಂಥ ಹೋಲಿಕೆಗೆ ಅರ್ಥವಾದರೂ ಇದೆ. ಹೋಲಿಸಲು ಎದುರಿಗೆ ನಿಜವಾದ ಆಕಾಶವಿದೆ.

ಇನ್ನು ನಾಲ್ಕನೆಯ ಲೆಕ್ಕ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಛಂದಸ್ಸಿನ ಉದಾಹರಣೆಯನ್ನೇ ಸ್ವಲ್ಪ ಮುಂದುವರಿಸುತ್ತೇನೆ. ಪಾದಕ್ಕೆ ಒಂದಕ್ಷರದಿಂದ 26 ಅಕ್ಷರದವರೆಗಿನ ಸಮವೃತ್ತಗಳ ಪ್ರಸ್ತಾರವನ್ನೆಲ್ಲ ಕೂಡಿದರೆ 13,42,17,726 ವೃತ್ತಗಳು ಸಾಧ್ಯ. ಕನ್ನಡದ ಚಂಪೂ ಕವಿಗಳು ಒಲಿದು ಬಳಸಿದ್ದು ಮುಖ್ಯವಾಗಿ ಆರನ್ನು: ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಸ್ರಗ್ಧರೆ, ಮಹಾಸ್ರಗ್ಧರೆ. ಖ್ಯಾತ ಕರ್ನಾಟಕಗಳೆಂದು ಹೆಸರಾದ ಈ ಆರೂ 19ರಿಂದ 22 ಅಕ್ಷರಗಳೊಳಗೇ ಇವೆ. ಸಾಧ್ಯತೆಯ ಪಟ್ಟಿ ಗಣಿತದ್ದು. ಅದರಲ್ಲಿ ಬಾಳಿದ ಜಾಗ ಕವಿಗಳದ್ದು. ಛಂದಸ್ಸಿನ ಚರಿತ್ರೆ ಬರೆಯುವವರು ಆ ಆರನ್ನು ಹಿಡಿದು ಬರೆಯುತ್ತಾರೆ.

ಗೇಮ್‌ಗಳಲ್ಲಿಯೂ ಹಾಗೆಯೇ ಆಗಬೇಕು, ಅದಕ್ಕೆ ಗಟ್ಟಿ ಕಾರಣವಿದೆ. ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1965ರಲ್ಲಿ ಮಂಡಿಸಿದ ವಿಚಾರದ ಪ್ರಕಾರ ಒಂದು ವಸ್ತುವಿನಲ್ಲಿರುವ ಮಾಹಿತಿಯ ಅಳತೆ ಅದನ್ನು ಹುಟ್ಟಿಸಬಲ್ಲ ಅತಿ ಚಿಕ್ಕ ಪ್ರೋಗ್ರಾಮಿನ ಉದ್ದ. ಈ ಅಳತೆಯಲ್ಲಿ ಎಲೀಟ್‌ನ ಇಡೀ ವಿಶ್ವ 32 ಕಿಲೋಬೈಟ್‌ನೊಳಗೆ ಮುಗಿಯುತ್ತದೆ. ಸೂತ್ರ ಮತ್ತು ಬೀಜವನ್ನು ಮೀರಿದ ಮಾಹಿತಿ ಯಾವ ಗ್ರಹದಲ್ಲೂ ಇಲ್ಲ. ಅದನ್ನು ಮೀರುವುದು ಮನುಷ್ಯರು ಸೇರಿಸಿದ್ದು ಮಾತ್ರ: ಇಟ್ಟ ಹೆಸರು, ಕಟ್ಟಿದ ಮನೆ, ಬಿಟ್ಟ ಸಂದೇಶ. ಇವನ್ನು ಸೂತ್ರದಿಂದ ಮತ್ತೆ ಹುಟ್ಟಿಸಲಾಗದು, ಬರೆದೇ ಇಡಬೇಕು. ನೋ ಮ್ಯಾನ್ಸ್ ಸ್ಕೈ ಬಿಡುಗಡೆಯಾದ ದಿನವೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೆ ಇನ್ನೊಬ್ಬರು ಕಾಣಲಿಲ್ಲ. ಇಬ್ಬರ ಯಂತ್ರಗಳೂ ಅದೇ ಗ್ರಹವನ್ನು ತಮ್ಮ ತಮ್ಮ ಪಾಡಿಗೆ ಲೆಕ್ಕ ಹಾಕಿಕೊಂಡಿದ್ದವು. ಆದರೆ ಒಬ್ಬರು ಇಟ್ಟ ಹೆಸರು ಇನ್ನೊಬ್ಬರ ಪರದೆಯಲ್ಲಿ ಓದಲು ಸಿಗುತ್ತಿತ್ತು, ಏಕೆಂದರೆ ಅದು ಸರ್ವರ್‌ನಲ್ಲಿ ದಾಖಲಾಗಿತ್ತು.

ಈ ದಾಖಲೆಗಳ ಚರಿತ್ರೆ ಇನ್ನೂ ಬರೆಯಬೇಕಾಗಿದೆ. 2000ದ ಸುಮಾರಿಗೆ ಇಟಲಿಯ ಅಲೆಸ್ಸಾಂಡ್ರೊ ಗಿನ್ಯೋಲಾ ಒಬ್ಬರೇ ಮಾಡಿದ ‘ನಾಕ್ಟಿಸ್’ ಗೇಮ್‌ನಲ್ಲಿ 7,800 ಕೋಟಿ ನಕ್ಷತ್ರಗಳಿದ್ದವು. ಆಟಗಾರರು ಕಳಿಸಿದ ಹೆಸರು, ಟಿಪ್ಪಣಿಗಳನ್ನು ಒಟ್ಟುಗೂಡಿಸಿ ಎಲ್ಲರಿಗೂ ಹಂಚುವ ವ್ಯವಸ್ಥೆ ಅಲ್ಲಿತ್ತು. ಎಲೀಟ್ ಡೇಂಜರಸ್ ಆಟಗಾರರು ತಾವಾಗಿ ಕಟ್ಟಿದ ಇಡಿಎಸ್‌ಎಂ ಎಂಬ ನಕ್ಷೆಯಲ್ಲಿ ಕೋಟಿಗಟ್ಟಲೆ ವ್ಯವಸ್ಥೆಗಳು ಸೇರಿವೆ. ಆದರೂ ಅದು 40,000 ಕೋಟಿಯ ನೂರರಲ್ಲಿ ಒಂದು ಪಾಲನ್ನೂ ಮುಟ್ಟಿಲ್ಲ. ಗೇಮ್‌ಗಳನ್ನು ಉಳಿಸಿಡಲು ದುಡಿಯುವ ಮ್ಯೂಸಿಯಂಗಳು, ಗ್ರಂಥಾಲಯಗಳು ಮೊದಲು ಕೈಹಾಕಬೇಕಾದದ್ದು ಇಂಥ ದಾಖಲೆಗಳಿಗೆ ಎಂಬುದು ನನ್ನ ದೃಢ ಅಭಿಪ್ರಾಯ. ಪ್ರೋಗ್ರಾಮಿನ ಒಂದು ಪ್ರತಿ ಉಳಿದರೆ ಗ್ರಹಗಳು ಮತ್ತೆ ಬರುತ್ತವೆ. ಎಲೀಟ್‌ನ ಮೂಲ ಕೋಡ್ ಇಂದು ಸಾರ್ವಜನಿಕವಾಗಿ ಸಿಗುವುದರಿಂದ ಅದರ 2,048 ವ್ಯವಸ್ಥೆಗಳನ್ನು ಯಾರು ಬೇಕಾದರೂ ಮರುಸೃಷ್ಟಿಸಬಹುದು. ಸರ್ವರ್‌ನಲ್ಲಿರುವ ಹೆಸರುಗಳು ಸರ್ವರ್ ನಿಂತ ದಿನ ಹೋಗುತ್ತವೆ.

ಈ ದಾಖಲೆಗಳಿಗೆ ಸೂತ್ರವನ್ನೇ ಕಟ್ಟಿಹಾಕುವ ಬಲವಿದೆ. ನೋ ಮ್ಯಾನ್ಸ್ ಸ್ಕೈನ ಮೊದಲ ವರ್ಷಗಳಲ್ಲಿ ಕೆಲವು ಅಪ್‌ಡೇಟ್‌ಗಳು ಬಂದಾಗ ಸೂತ್ರ ತಿದ್ದುಪಡಿಯಾಗುತ್ತಿತ್ತು. ಸೂತ್ರ ಬದಲಾದರೆ ಎಲ್ಲ ಗ್ರಹಗಳೂ ಒಟ್ಟಿಗೆ ಬದಲು. 2017ರ ‘ಅಟ್ಲಾಸ್ ರೈಸಸ್’, 2018ರ ‘ನೆಕ್ಸ್ಟ್’ ಅಪ್‌ಡೇಟ್‌ಗಳ ನಂತರ ಹಸಿರಾಗಿದ್ದ ಎಷ್ಟೋ ಗ್ರಹಗಳು ಬೇರೆಯೇ ರೂಪ ತಳೆದವು. ನೆಲದ ಏರಿಳಿತ ಬದಲಾಗಿ, ಕಟ್ಟಿದ ಮನೆ ಮಣ್ಣಿನಡಿ ಸಿಕ್ಕಿಕೊಂಡ ಅನುಭವ ಹಳೆಯ ಆಟಗಾರರಿಗೆ ಹೊಸದಲ್ಲ. ಆದರೆ ‘ಗ್ಯಾಲಕ್ಟಿಕ್ ಹಬ್’ನಂಥ ಸಮುದಾಯಗಳು ಪ್ರದೇಶಗಳನ್ನು ಹಂಚಿಕೊಂಡು, ಹೆಸರಿಡುವ ನಿಯಮ ಮಾಡಿಕೊಂಡು ನೆಲೆನಿಂತಂತೆ ಹಾಗೆ ಕದಡುವುದು ಕಷ್ಟವಾಯಿತು. 2025ರ ಜನವರಿಯ ‘ವರ್ಲ್ಡ್ಸ್ ಭಾಗ 2’ ಅಪ್‌ಡೇಟ್‌ನಲ್ಲಿ ಅನಿಲದೈತ್ಯ ಗ್ರಹಗಳನ್ನೂ ಆಳ ಸಮುದ್ರಗಳನ್ನೂ ತರಬೇಕಾದಾಗ ತಯಾರಕರು ಹಳೆಯ ಗ್ರಹಗಳನ್ನು ಹಾಗೇ ಬಿಟ್ಟು, ನೇರಳೆ ಬಣ್ಣದ ಹೊಸ ನಕ್ಷತ್ರ ವ್ಯವಸ್ಥೆಗಳನ್ನು ಸೇರಿಸಿದರು. ಪ್ರತಿ ಪ್ರದೇಶದ 4,096 ನಕ್ಷತ್ರ ವಿಳಾಸಗಳಲ್ಲಿ ಕೆಲವು ನೂರು ಮಾತ್ರ ತುಂಬಿದ್ದವಷ್ಟೆ. ಹೊಸ ನಕ್ಷತ್ರಗಳಿಗೆ ಉಳಿದ ಖಾಲಿ ವಿಳಾಸಗಳಲ್ಲಿ ಜಾಗ ಸಿಕ್ಕಿತು.